ಎದುರು ದಂಡೆಯ ಟೇಲರ್ ಸಾಹೇಬ

ಯಾದಗಿರಿ ಜಿಲ್ಲೆಯ ಸುರಪುರದಲ್ಲಿ, ಗುಡ್ಡದ ಮೇಲೆ ಒಂದು ಹಳೆಯ ಬಂಗಲೆ ಇದೆ. ಊರ ಮಂದಿ ಅದನ್ನು ‘ಟೇಲರ್ ಮಂಜಿಲ್’ ಅಂತಾರೆ. ಕಟ್ಟಿಸಿದವನ ಪೂರ್ತಿ ಹೆಸರು ಫಿಲಿಪ್ ಮೆಡೋಸ್ ಟೇಲರ್. ಸೈನಿಕ, ಎಂಜಿನಿಯರ್, ಜಡ್ಜ್, ಕಾದಂಬರಿಕಾರ, ಚಿತ್ರಕಾರ, ಪತ್ರಕರ್ತ, ಪುರಾತತ್ವದ ಹುಚ್ಚು ಹಿಡಿದವ. ಇಷ್ಟೂ ಕೆಲಸವನ್ನು ಒಬ್ಬನೇ ಮನುಷ್ಯ ಮಾಡಿದ್ದಾನೆ. ಇಂಥ ಪ್ರೊಫೈಲ್ ಯಾರಾದರೂ ಇವತ್ತು ಲಿಂಕ್ಡ್‌ಇನ್‌ನಲ್ಲಿ ಹಾಕಿದರೆ ನಾವು ನಂಬೋದಿಲ್ಲ. ಇನ್ನೂ ಒಂದು ಮಾತಿದೆ. ಈತ ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟು ದುಡಿಯಲು ಹೊರಟವನು.

ಮುಂಡರಗಿ ತಾಲೂಕಿನ ಹಳ್ಳಿಯಲ್ಲಿ ಬೆಳೆದವನಿಗೆ ಸುರಪುರದ ಸಾಹೇಬನ ಮೇಲೆ ಯಾಕಿಷ್ಟು ಆಸಕ್ತಿ ಅಂತ ನೀವು ಕೇಳಬಹುದು. ಕಾರಣ 1858. ನಮ್ಮ ಕಡೆ ಆ ಇಸವಿ ಅಂದರೆ ಮುಂಡರಗಿ ಭೀಮರಾಯ, ನರಗುಂದದ ಬಾಬಾಸಾಹೇಬ. ಇಬ್ಬರ ಹೆಸರನ್ನೂ ನಾವು ಪಾಠದ ಪುಸ್ತಕಕ್ಕಿಂತ ಮೊದಲು ಮನೆಯ ಕಟ್ಟೆಯ ಮೇಲೆ ಕೇಳಿದವರು. ಅದೇ ವರ್ಷ, ಅವರಿಗಿಂತ ಮೂರು ತಿಂಗಳು ಮೊದಲು, ಸುರಪುರದ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ತಿರುಗಿಬಿದ್ದ. ಆ ರಾಜನನ್ನು ಬಾಲ್ಯದಿಂದ ಸಾಕಿ ಬೆಳೆಸಿದವನು ಟೇಲರ್. ರಾಜ ಅವನನ್ನು ಕರೆಯುತ್ತಿದ್ದದ್ದು ‘ಅಪ್ಪಾ’ ಅಂತ.

ಅಂದರೆ ನಮ್ಮ ಹೀರೋಗಳ ಎದುರು ದಂಡೆಯ ಮೇಲೆ ನಿಂತಿದ್ದ ಮನುಷ್ಯ ಈತ. ಅವನನ್ನು ಹೇಗೆ ನೆನೆಯಬೇಕು? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. ಮೊದಲು ಅವನ ಕಥೆ ಹೇಳ್ತೀನಿ, ತೀರ್ಮಾನ ಆಮೇಲೆ.

*

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಅಪ್ಪ ವ್ಯಾಪಾರಿ. ವ್ಯಾಪಾರ ಕೈಕೊಟ್ಟಿತು. 1824ರಲ್ಲಿ ಹುಡುಗನಿಗೆ ಒಂದು ‘ಆಫರ್’ ಬಂತು. ಮುಂಬಯಿಯಲ್ಲಿ ಒಬ್ಬ ಇಂಗ್ಲಿಷ್ ವರ್ತಕನ ಅಂಗಡಿಯಲ್ಲಿ ಗುಮಾಸ್ತಿಕೆ, ಇಪ್ಪತ್ತೊಂದು ತುಂಬಿದ ಮೇಲೆ ಪಾಲುದಾರಿಕೆ. ಹಡಗು ಹತ್ತಿ, ತಿಂಗಳುಗಟ್ಟಲೆ ಸಮುದ್ರದ ಮೇಲೆ ಕಳೆದು, ಮುಂಬಯಿಯಲ್ಲಿ ಇಳಿದು ನೋಡಿದರೆ ಆ ಸಂಸ್ಥೆಯೇ ಮುಳುಗುವ ಸ್ಥಿತಿಯಲ್ಲಿತ್ತು. ಆಫರ್ ಲೆಟರ್ ಹಿಡಿದು ಬೆಂಗಳೂರಿಗೆ ಬಂದು, ಜಾಯಿನಿಂಗ್ ಡೇಟ್ ಮುಂದಕ್ಕೆ ಹೋಗ್ತಾ ಹೋಗ್ತಾ ಪಿ.ಜಿ. ಬಾಡಿಗೆಗೆ ಒದ್ದಾಡಿದವರಿಗೆ ಈ ಹುಡುಗನ ಸಂಕಟ ಬಿಡಿಸಿ ಹೇಳಬೇಕಿಲ್ಲ. ಊರಿಗೆ ವಾಪಸ್ ಹೋಗುವ ಬಸ್ಸು ಮಾತ್ರ ಅವನಿಗೆ ಇರಲಿಲ್ಲ.

ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸಂಬಂಧಿಕರೊಬ್ಬರ ವಶೀಲಿಯಿಂದ ಹೈದರಾಬಾದ್ ನಿಜಾಮನ ಸೇನೆಯಲ್ಲಿ ಅವನಿಗೆ ಅಧಿಕಾರಿ ಹುದ್ದೆ ಸಿಕ್ಕಿತು. ಇಲ್ಲೊಂದು ಸೂಕ್ಷ್ಮ ಗಮನಿಸಿ. ಅದು ಈಸ್ಟ್ ಇಂಡಿಯಾ ಕಂಪನಿಯ ಸೇನೆ ಅಲ್ಲ. ನಿಜಾಮ ಸಂಬಳ ಕೊಡುತ್ತಿದ್ದ, ಇಂಗ್ಲಿಷ್ ಅಧಿಕಾರಿಗಳು ನಡೆಸುತ್ತಿದ್ದ ದಂಡು. ಕಂಪನಿಯ ಅಧಿಕಾರಿಗಳಿಗಿದ್ದ ಠೀವಿ, ಭದ್ರತೆ ಇವರಿಗಿರಲಿಲ್ಲ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಟೇಲರ್ ಕೊನೆಯವರೆಗೂ ‘ಕಂಪನಿ ಎಂಪ್ಲಾಯಿ’ಗಳ ನಡುವೆ ಬದುಕಿದ ‘ಕಾಂಟ್ರ್ಯಾಕ್ಟ್’ ಮನುಷ್ಯ.

ಔರಂಗಾಬಾದ್ ಕಡೆಯ ಛಾವಣಿಗಳಲ್ಲಿ ಉಳಿದ ಅಧಿಕಾರಿಗಳು ಇಸ್ಪೀಟು, ಬೇಟೆ ಅಂತ ಹೊತ್ತು ಕಳೆಯುವಾಗ ಈತ ಹಿಂದೂಸ್ತಾನಿ ಕಲಿತ. ಆಮೇಲೆ ಮರಾಠಿ, ಪಾರ್ಸಿ. ಕಾಯ್ದೆ ಓದಿದ. ಸರ್ವೆ ಕಲಿತ. ಭೂವಿಜ್ಞಾನ, ಸಸ್ಯಶಾಸ್ತ್ರ, ಕಟ್ಟಡದ ಕೆಲಸ ಎಲ್ಲವನ್ನೂ ಪುಸ್ತಕ ನೋಡಿ, ಕೈ ಸುಟ್ಟುಕೊಂಡು ಕಲಿತ. ಹದಿಹರೆಯ ದಾಟುವ ಮೊದಲೇ ಪೊಲೀಸ್ ಕೆಲಸಕ್ಕೆ ಹಾಕಿದರು. ಜಿಲ್ಲೆ ತಿರುಗಿದ. ಹಳ್ಳಿಯ ಗೌಡ, ಕುಲಕರ್ಣಿ, ತಳವಾರರ ಜೊತೆ ದುಭಾಷಿ ಇಲ್ಲದೆ ಮಾತಾಡುವುದು ರೂಢಿಯಾಯಿತು. ದಾರಿಹೋಕರನ್ನು ಕತ್ತು ಹಿಸುಕಿ ಕೊಲ್ಲುವ ಠಕ್ಕರ ಜಾಡು ಅವನಿಗೆ ಸಿಕ್ಕಿದ್ದೂ ಹೀಗೆ ತಿರುಗುವಾಗಲೇ. ಅಷ್ಟರಲ್ಲಿ ವರ್ಗವಾಯಿತು. ಠಕ್ಕರನ್ನು ಹಿಡಿದ ಕೀರ್ತಿ ಸ್ಲೀಮನ್ ಪಾಲಾಯಿತು. ಟೇಲರ್ ಪಾಲಿಗೆ ಉಳಿದದ್ದು ಕಥೆ. ಕಾಯಿಲೆ ಬಿದ್ದು ಮಲಗಿದ ದಿನಗಳಲ್ಲಿ ಅದನ್ನೇ ಕಾದಂಬರಿ ಮಾಡಿದ. 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಕನ್ಫೆಷನ್ಸ್ ಆಫ್ ಎ ಠಗ್’ ಅವನನ್ನು ರಾತ್ರೋರಾತ್ರಿ ಹೆಸರುವಾಸಿ ಮಾಡಿತು. ಮರುವರ್ಷ ಟೀಪು ಸುಲ್ತಾನನ ಮೇಲೆ ಇನ್ನೊಂದು ಕಾದಂಬರಿ ಬಂತು. 1840ರಿಂದ 1853ರವರೆಗೆ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೂ ಬರೆಯುತ್ತಿದ್ದ.

ಈ ನಡುವೆ ಮದುವೆ. 1832ರಲ್ಲಿ ಮೇರಿ ಪಾಮರ್‌ಳನ್ನು ಮದುವೆಯಾದ. ಅವಳ ಅಪ್ಪ ವಿಲಿಯಂ ಪಾಮರ್ ಹೈದರಾಬಾದಿನ ದೊಡ್ಡ ಸಾಹುಕಾರ. ನಿಜಾಮನಿಗೇ ಸಾಲ ಕೊಟ್ಟು, ಆ ಗದ್ದಲದಲ್ಲಿ ದಿವಾಳಿಯೆದ್ದವನು. ವಿಲಿಯಂನ ಅಪ್ಪ ಕಂಪನಿಯ ಜನರಲ್, ಅಮ್ಮ ಫೈಜ್ ಬಕ್ಷ್ ಎಂಬ ಮುಸ್ಲಿಂ ಬೇಗಂ. ಅಂದರೆ ಟೇಲರ್‌ನ ಮಕ್ಕಳ ಮೈಯಲ್ಲಿ ಈ ನೆಲದ ರಕ್ತವೂ ಇತ್ತು. ಆ ಕಾಲದ ಇಂಗ್ಲಿಷರಲ್ಲಿ ಇಂಥ ಸಂಬಂಧಗಳನ್ನು ಮೂಗು ಮುರಿದು ನೋಡುವ ಚಾಳಿ ಶುರುವಾಗಿತ್ತು. ನಮ್ಮ ಕಡೆ ಬೇರೆ ಜಾತಿಯ ಸೊಸೆ ಬಂದರೆ ಹೇಗೋ ಹಾಗೆ.

*

ಸುರಪುರಕ್ಕೆ ಅವನು ಬಂದದ್ದು 1840ರ ದಶಕದ ಶುರುವಿನಲ್ಲಿ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ, ಬೇಡ ನಾಯಕರ ಸಂಸ್ಥಾನ ಅದು. 1705ರಲ್ಲಿ ಮುದುಕ ಔರಂಗಜೇಬ ತನ್ನ ಬದುಕಿನ ಕೊನೆಯ ದೊಡ್ಡ ಮುತ್ತಿಗೆ ಹಾಕಿದ್ದು ಇವರ ವಾಗಿನಗೇರಾ ಕೋಟೆಗೆ. ಅಂಥ ವಂಶದಲ್ಲಿ ಈಗ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪ ಇನ್ನೂ ಸಣ್ಣವ. ಅಧಿಕಾರ ರಾಣಿ ಈಶ್ವರಮ್ಮನ ಕೈಯಲ್ಲಿ. ಖಜಾನೆ ಖಾಲಿ, ನಿಜಾಮನಿಗೆ ಕೊಡಬೇಕಾದ ಕಪ್ಪ ಬಾಕಿ, ಅರಮನೆಯೊಳಗೆ ಬಣ ರಾಜಕೀಯ. ಹುಡುಗ ರಾಜ ಪ್ರಾಯಕ್ಕೆ ಬರುವವರೆಗೆ ಸಂಸ್ಥಾನ ನೋಡಿಕೊಳ್ಳುವ ಹೊಣೆ ಟೇಲರ್ ಹೆಗಲಿಗೆ ಬಿತ್ತು. 1853ರವರೆಗೆ, ಸುಮಾರು ಹತ್ತು ವರ್ಷ, ಆತ ಅಲ್ಲಿದ್ದ.

ಈ ಹತ್ತು ವರ್ಷಗಳೇ ಎಂಜಿನಿಯರ್ ಟೇಲರ್‌ನ ವರ್ಷಗಳು. ರಸ್ತೆ ಮಾಡಿಸಿದ, ಕೆರೆಗಳನ್ನು ದುರಸ್ತಿ ಮಾಡಿಸಿದ, ಜಮೀನಿನ ಲೆಕ್ಕ ಸರಿಪಡಿಸಿದ, ತನ್ನ ಬಂಗಲೆಯ ನಕ್ಷೆ ತಾನೇ ಹಾಕಿದ. ಅವನ ಕೆಲಸಗಳಲ್ಲಿ ಇವತ್ತಿಗೂ ಕಣ್ಣಿಗೆ ಕಾಣುವುದು ಸುರಪುರದ ಹತ್ತಿರದ ಬೋನಾಳ ಕೆರೆ. ಕೆರೆ ಮೂಲತಃ ನಾಯಕ ಅರಸರ ಕಾಲದ್ದು. ಅದನ್ನು ಹೊಸದಾಗಿ ವಿನ್ಯಾಸ ಮಾಡಿ ಗಟ್ಟಿಗೊಳಿಸಿದವನು ಟೇಲರ್. ಈಗ ಅದು ಪಕ್ಷಿಧಾಮ. ನಮ್ಮ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರೋದನ್ನ ನೋಡಿದವರು ಒಮ್ಮೆ ಬೋನಾಳಕ್ಕೂ ಹೋಗಿ ಬನ್ನಿ.

ಕೆರೆ ಕೆಲಸ ಅಂದರೆ ಸಿಟಿಯ ಗೆಳೆಯರಿಗೆ ‘ಮಣ್ಣು ಒಟ್ಟಿದರೆ ಆಯ್ತಲ್ಲ’ ಅನ್ನಿಸಬಹುದು. ಅಲ್ಲ. ಮಳೆಯ ನೀರು ಎಲ್ಲಿಂದ ಹರಿದು ಬರುತ್ತೆ, ಎಷ್ಟು ಬರುತ್ತೆ ಅನ್ನೋ ಅಂದಾಜು ಮೊದಲು ಬೇಕು. ಆಮೇಲೆ ಏರಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಕೈ ತೂರುವಷ್ಟು ಬಿರುಕು ಬಿಡುತ್ತೆ, ಮಳೆ ಬಿದ್ದರೆ ಉಬ್ಬುತ್ತೆ. ಅದನ್ನು ತುಳಿಸಿ ಗಟ್ಟಿ ಮಾಡಿ, ನೀರಿನ ಕಡೆಗೆ ಕಲ್ಲು ಹಾಸಿ ತೆರೆ ಹೊಡೆತದಿಂದ ಕಾಪಾಡಬೇಕು. ಹೊಲಕ್ಕೆ ನೀರು ಬಿಡೋದಕ್ಕೆ ತೂಬು. ಎಲ್ಲಕ್ಕಿಂತ ಮುಖ್ಯ ಕೋಡಿ, ಅಂದರೆ ಹೆಚ್ಚಾದ ನೀರು ಹೊರಗೆ ಹೋಗುವ ದಾರಿ. ಕೋಡಿಯ ಮಟ್ಟ ಒಂದಿಷ್ಟು ಎತ್ತರವಾದರೂ ದೊಡ್ಡ ಮಳೆಗೆ ನೀರು ಏರಿಯ ಮೇಲೆ ಹತ್ತುತ್ತೆ. ಒಮ್ಮೆ ಹತ್ತಿತೆಂದರೆ ರಾತ್ರಿ ಬೆಳಗಾಗುವುದರೊಳಗೆ ಕೆರೆ ಒಡೆದು ಕೆಳಗಿನ ಹಳ್ಳಿ ಕೊಚ್ಚಿಹೋಗುತ್ತೆ. ಇಲ್ಲಿ ರೋಲ್‌ಬ್ಯಾಕ್ ಇಲ್ಲ, ಹಾಟ್‌ಫಿಕ್ಸ್ ಇಲ್ಲ. ಡಂಬಳದ ದೊಡ್ಡ ಕೆರೆಯ ಏರಿ ಮೇಲೆ ನಡೆದಾಡಿದವರಿಗೆ, ಇದನ್ನು ಕಟ್ಟಿದ ಹೆಸರಿಲ್ಲದ ಒಡ್ಡರಿಗೆ, ಬೆಸ್ತರಿಗೆ, ಗೌಡರಿಗೆ ನೀರಿನ ಲೆಕ್ಕ ಎಷ್ಟು ಚೆನ್ನಾಗಿ ಗೊತ್ತಿತ್ತು ಅನ್ನೋದು ಅರ್ಥವಾಗುತ್ತೆ. ಡಿಗ್ರಿಯಿಲ್ಲದ ಟೇಲರ್‌ಗೆ ಇಂಥವರು ಕಟ್ಟಿದ ಕೆರೆಯೇ ಪಾಠಶಾಲೆ. ಅವನು ಹೊಸ ಕೆರೆಯೊಂದನ್ನು ಕಂಡುಹಿಡಿಯಲಿಲ್ಲ, ಇದ್ದ ಜ್ಞಾನದ ಮೇಲೆ ಅಳತೆಯನ್ನು ಕೂಡಿಸಿದ.

ಈ ಅಳತೆಯ ಗುಣ ಇನ್ನೊಂದು ಕಡೆಯೂ ಕೆಲಸಕ್ಕೆ ಬಂತು. ಸುರಪುರದ ಸುತ್ತ ರಾಜನ ಕೋಳೂರು, ವಿಭೂತಿಹಳ್ಳಿ, ಜೇವರ್ಗಿ ಕಡೆ ದೊಡ್ಡ ದೊಡ್ಡ ಬಂಡೆಗಳನ್ನು ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿದ ಸಾವಿರಾರು ವರ್ಷ ಹಳೆಯ ಸಮಾಧಿಗಳಿವೆ. ಟೇಲರ್ ಅವನ್ನು ಅಗೆಸಿದ. ನಿಧಿ ಹುಡುಕುವವರ ಹಾಗೆ ಗುಂಡಿ ತೋಡಲಿಲ್ಲ. ಯಾವ ಆಳದಲ್ಲಿ ಯಾವ ಮಣ್ಣು, ಎಲ್ಲಿ ಮಡಕೆ, ಎಲ್ಲಿ ಎಲುಬು ಅಂತ ಪದರ ಪದರವಾಗಿ ನಕ್ಷೆ ಬರೆದ. ನೂರು ವರ್ಷದ ಮೇಲೆ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಆ ನಕ್ಷೆಗಳನ್ನು ಮೆಚ್ಚಿಕೊಂಡ. ಈ ಗೋರಿಗಳಿಗೂ ಐರ್ಲೆಂಡ್, ಇಂಗ್ಲೆಂಡಿನ ಹಳೆಯ ಕಲ್ಲುಗೋರಿಗಳಿಗೂ ನೆಂಟಸ್ತಿಕೆ ಇದೆ ಅಂತ ಟೇಲರ್ ನಂಬಿದ್ದ. ಆ ವಾದ ನಿಲ್ಲಲಿಲ್ಲ, ಅಳತೆ ನಿಂತಿತು. ಎಂಜಿನಿಯರ್‌ಗಳಿಗೆ ಇದು ನೆನಪಿಟ್ಟುಕೊಳ್ಳಬೇಕಾದ ಮಾತು ಅಂತ ನನಗನ್ನಿಸುತ್ತೆ.

ಇದೆಲ್ಲ ನಡೆಯುವಾಗ ಮನೆ ಹೇಗಿತ್ತು? 1844ರಲ್ಲಿ ಮೇರಿ ತೀರಿಕೊಂಡಳು. ಮದುವೆಯಾಗಿ ಹನ್ನೆರಡೇ ವರ್ಷ. ಕೆಲವು ಮಕ್ಕಳನ್ನು ಅವರು ಮೊದಲೇ ಮಣ್ಣಿಗೆ ಕೊಟ್ಟಿದ್ದರು. ಉಳಿದ ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ ಬಂಧುಗಳ ಹತ್ತಿರ ಬೆಳೆದರು. ಅಪ್ಪ ಇಲ್ಲಿ, ಮಕ್ಕಳು ಅಲ್ಲಿ. ನಡುವೆ ಸಮುದ್ರ, ವಾರಗಟ್ಟಲೆ ತಡವಾಗಿ ಬರುವ ಕಾಗದ. ಭಾನುವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ಅವ್ವನ ಮುಖ ಐದು ನಿಮಿಷ ನೋಡಿ ‘ನೆಟ್‌ವರ್ಕ್ ಇಲ್ಲ’ ಅಂತ ಗೊಣಗುವ ನನ್ನಂಥವನಿಗೆ, ಮಗಳು ಬೆಳೆದದ್ದನ್ನು ಅಕ್ಷರದಲ್ಲೇ ಓದಿಕೊಳ್ಳಬೇಕಾದ ಅಪ್ಪನ ಸ್ಥಿತಿ ಊಹಿಸೋದು ಕಷ್ಟ. ಆ ಬಂಗಲೆಯಲ್ಲಿ ಅವನಿಗೆ ಹತ್ತಿರದ ಮಗುವಾಗಿ ಉಳಿದವನು ಬಾಲರಾಜ ವೆಂಕಟಪ್ಪನೇ.

*

1853ರಲ್ಲಿ ರಾಜ ಪ್ರಾಯಕ್ಕೆ ಬಂದ. ಸಂಸ್ಥಾನವನ್ನು ಅವನ ಕೈಗೊಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದ. ಸೇನೆಯ ಖರ್ಚಿನ ಬಾಕಿಗಾಗಿ ನಿಜಾಮನಿಂದ ಇಂಗ್ಲಿಷರು ಅದೇ ವರ್ಷ ಬರೆಸಿಕೊಂಡ ಜಿಲ್ಲೆಗಳಲ್ಲಿ ಅದೂ ಒಂದು. ಅಲ್ಲೂ ಸರ್ವೆ, ರಸ್ತೆ, ಕೆರೆ. 1857ರಲ್ಲಿ ಉತ್ತರದಲ್ಲಿ ಬೆಂಕಿ ಹತ್ತಿದಾಗ ಅವನನ್ನು ಬೇರಾರ್‌ನ ಬುಲ್ಢಾಣಾಕ್ಕೆ ಕಳಿಸಿದರು. ಯುರೋಪಿಯನ್ ಸೈನಿಕರ ಬೆಂಬಲವಿಲ್ಲದೆ, ಜನರ ಮೇಲಿದ್ದ ತನ್ನ ಹಿಡಿತದಿಂದಲೇ ಜಿಲ್ಲೆಯನ್ನು ಶಾಂತವಾಗಿಟ್ಟ. ಜನ ಅವನನ್ನು ‘ಮಹಾದೇವ ಬಾಬಾ’ ಅಂತ ಕರೆಯುತ್ತಿದ್ದರು. ಮೆಡೋಸ್ ಅನ್ನೋದು ನಮ್ಮವರ ಬಾಯಲ್ಲಿ ಮಹಾದೇವ ಆಗಿತ್ತು.

ಇಲ್ಲಿ ತಡೆದು ಒಂದು ಮಾತು ಹೇಳಲೇಬೇಕು. ಅದೇ ಟೇಲರ್ ಅದೇ ಹೊತ್ತಿನಲ್ಲಿ, ಬಂಡಾಯ ಅಡಗಿಸಲು ಹೊರಟ ಜನರಲ್ ವಿಟ್‌ಲಾಕ್‌ನ ಸೇನೆಗೆ ಫಿರಂಗಿ ಎಳೆಯುವ ಎತ್ತುಗಳನ್ನು ಒದಗಿಸಿದ. ಅವನು ಎರಡು ದಂಡೆಯ ನಡುವೆ ಈಜುತ್ತಿದ್ದವನಲ್ಲ. ಯಾವ ಕಡೆ ನಿಂತಿದ್ದೇನೆ ಅನ್ನೋದು ಅವನಿಗೆ ಸ್ಪಷ್ಟವಿತ್ತು.

1858ರ ಫೆಬ್ರುವರಿಯಲ್ಲಿ ಸುರಪುರ ಸಿಡಿಯಿತು. ರಾಜನ ಮೇಲೆ ಕಣ್ಣಿಡಲು ಇಂಗ್ಲಿಷರು ಅಧಿಕಾರಿಯನ್ನು ಕಳಿಸಿದ್ದರು, ಜೊತೆಗೆ ದಂಡು ಬಂತು. ಬೇಡರು ರಾತ್ರಿ ದಂಡಿನ ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ಸೇನೆ ಬರುವ ಸುದ್ದಿ ತಿಳಿದು ರಾಜ ಹೈದರಾಬಾದಿಗೆ ಹೋದ, ಅಲ್ಲಿ ಸಿಕ್ಕಿಬಿದ್ದ.

ಮೂರು ತಿಂಗಳಲ್ಲಿ ಕಿಚ್ಚು ನಮ್ಮ ಕಡೆಗೂ ದಾಟಿತು. ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಮೊದಲೇ ಎಲ್ಲರನ್ನೂ ಕೆರಳಿಸಿತ್ತು. ಮುಂಡರಗಿಯ ಭೀಮರಾಯ ಹಮ್ಮಿಗಿ ಕೆಂಚನಗೌಡನ ಜೊತೆ ಸೇರಿದ. ಹಮ್ಮಿಗಿಯಲ್ಲಿ ಕೂಡಿಟ್ಟ ಆಯುಧಗಳಿಗೆ ಸರ್ಕಾರದವರು ಸೀಲು ಹಾಕಿದಾಗ ಅದನ್ನು ಒಡೆದು, ಡಂಬಳದ ಖಜಾನೆ ಲೂಟಿ ಮಾಡಿ, ಕೊಪ್ಪಳದ ಕೋಟೆ ಹಿಡಿದ. ಮೇ 29ರ ರಾತ್ರಿ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ತೆಗೆದರು. ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಭೀಮರಾಯ, ಕೆಂಚನಗೌಡ ಇಬ್ಬರೂ ಹೋರಾಡುತ್ತಾ ಸತ್ತರು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಶುರುವಿನಿಂದ ಕೊನೆಯವರೆಗೆ ನಮ್ಮ ಕಡೆಯ ಬಂಡಾಯದ ಆಯಸ್ಸು ಒಂದು ಸ್ಪ್ರಿಂಟ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಷ್ಟರಲ್ಲಿ ಅವರು ನೂರೈವತ್ತು ವರ್ಷ ಬಾಳುವ ಹೆಸರು ಬಿಟ್ಟುಹೋದರು.

ಇತ್ತ ವೆಂಕಟಪ್ಪ ನಾಯಕ ಸಿಕಂದರಾಬಾದಿನಲ್ಲಿ ಸೆರೆಯಲ್ಲಿದ್ದ. ಟೇಲರ್ ನೋಡಲು ಹೋದ. ಆ ಭೇಟಿಯನ್ನು ಅವನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹುಡುಗ ಓಡಿಬಂದು ತಬ್ಬಿಕೊಂಡು ಅತ್ತನಂತೆ. ‘ನಿನ್ನನ್ನು ಎತ್ತಿಕಟ್ಟಿದವರು ಯಾರು, ಹೆಸರು ಹೇಳಿದರೆ ಶಿಕ್ಷೆ ಹಗುರಾಗಬಹುದು’ ಅನ್ನೋ ಸಂದೇಶವೂ ಟೇಲರ್ ಮೂಲಕವೇ ಬಂತು. ರಾಜ ಒಪ್ಪಲಿಲ್ಲ. ನಂಬಿ ಬಂದವರ ಹೆಸರು ಹೇಳಿ ಬದುಕುವ ಬದುಕು ತನಗೆ ಬೇಡ ಅಂದ. ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ಸಾಯಿಸೋದಾದರೆ ಗಂಡಸಿನ ಹಾಗೆ ಸಾಯಲು ಬಿಡಿ ಅಂದ. ಎದುರಿಗೆ ಕೂತಿದ್ದವನು ‘ಅಪ್ಪ’, ಅದೇ ಹೊತ್ತಿಗೆ ಸರ್ಕಾರದ ದೂತ.

ಮರಣದಂಡನೆ ಮೊದಲು ಗಡೀಪಾರಾಯಿತು. ಆಮೇಲೆ ಗವರ್ನರ್ ಜನರಲ್ ಅದನ್ನೂ ಇಳಿಸಿ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷ ಸೆರೆವಾಸ ಅಂತ ಮಾಡಿದ. ಸುರಪುರದ ಒಬ್ಬ ಮುದಿ ಶಾಸ್ತ್ರಿ, ಈ ರಾಜ ಇಪ್ಪತ್ನಾಲ್ಕು ದಾಟೋದಿಲ್ಲ ಅಂತ ಮೊದಲೇ ಜಾತಕ ನೋಡಿ ಹೇಳಿದ್ದನಂತೆ. ಶಿಕ್ಷೆ ಇಳಿದ ಸುದ್ದಿ ಬಂದಾಗ, ನೋಡಿ ನಿಮ್ಮ ಭವಿಷ್ಯ ಸುಳ್ಳಾಯಿತು ಅಂತ ಟೇಲರ್ ಶಾಸ್ತ್ರಿಗೆ ಹೇಳಿದ. ಸ್ವಲ್ಪ ದಿನಕ್ಕೇ ಇನ್ನೊಂದು ಸುದ್ದಿ ಬಂತು. ಸೆರೆಗೆ ಕರೆದೊಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ರಾಜ ಗುಂಡು ಹಾರಿಸಿಕೊಂಡು ಸತ್ತಿದ್ದ. ಇದು ಸರ್ಕಾರದವರ, ಟೇಲರ್‌ನ ಮಾತು. ನಂಬದವರು ಈಗಲೂ ಇದ್ದಾರೆ.

ಆಮೇಲೆ ಟೇಲರ್‌ನನ್ನೇ ಮತ್ತೆ ಸುರಪುರಕ್ಕೆ ಕಳಿಸಿದರು. ಸಾಕಿದ ಹುಡುಗನ ಖಾಲಿ ಅರಮನೆಯಿರುವ ಊರನ್ನು ಆಳೋದಕ್ಕೆ. 1860ರಲ್ಲಿ ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಹೊರಟ. ಅದೇ ವರ್ಷ ಸುರಪುರ ಸಂಸ್ಥಾನ ನಿಜಾಮನ ರಾಜ್ಯದಲ್ಲಿ ಕರಗಿಹೋಯಿತು.

*

ನಮ್ಮ ಗದಗಿಗೂ ಟೇಲರ್‌ಗೂ ಒಂದು ನೇರ ಕೊಂಡಿ ಇದೆ. 1866ರಲ್ಲಿ ಲಂಡನ್ನಿನಲ್ಲಿ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ದೊಡ್ಡ ಫೋಟೋ ಪುಸ್ತಕ ಬಂತು. ಅದರಲ್ಲಿ ಡಾ. ಪಿಗೌ ಎಂಬ ವೈದ್ಯ 1857ರ ಸುಮಾರಿಗೆ ನಮ್ಮ ಸೀಮೆ ತಿರುಗಿ ತೆಗೆದ ಫೋಟೋಗಳಿವೆ. ಗದಗಿನ, ಲಕ್ಕುಂಡಿಯ, ಡಂಬಳದ ಗುಡಿಗಳು. ಕಟ್ಟಡಗಳ ಟಿಪ್ಪಣಿ ಜೇಮ್ಸ್ ಫರ್ಗುಸನ್‌ದು. ಚರಿತ್ರೆಯ ಭಾಗ ಬರೆದವನು ಕರ್ನಲ್ ಮೆಡೋಸ್ ಟೇಲರ್.

ಡಂಬಳದ ದೊಡ್ಡಬಸಪ್ಪನ ಗುಡಿಯ ಆ ಫೋಟೋ ನೋಡುವಾಗಲೆಲ್ಲ ನನಗೆ ಒಂದೇ ಯೋಚನೆ. ನಕ್ಷತ್ರದ ಹಾಗೆ ಮೂಲೆ ಮೂಲೆ ಒಡೆದ ಆ ಗುಡಿಯ ಮುಂದೆ ಪಿಗೌ ಕ್ಯಾಮೆರಾ ನಿಲ್ಲಿಸಿ ಹೋದ ಸ್ವಲ್ಪ ದಿನಕ್ಕೇ ಭೀಮರಾಯನ ಮಂದಿ ಡಂಬಳಕ್ಕೆ ನುಗ್ಗಿದ್ದಾರೆ. ಗುಡಿಯ ಫೋಟೋ ನಮಗೆ ಸಿಕ್ಕಿದೆ, ಭೀಮರಾಯನದು ಸಿಕ್ಕಿಲ್ಲ. ಗುಡಿಗೆ ಚರಿತ್ರೆ ಬರೆಯೋದಕ್ಕೆ ಕರ್ನಲ್ ಇದ್ದ. ಭೀಮರಾಯನ ಬಗ್ಗೆ ಆಗ ಬರೆದವರು ಅವನನ್ನು ಹಿಡಿಯಲು ಹೊರಟ ಅಧಿಕಾರಿಗಳು. ಅವರ ವರದಿಯಲ್ಲಿ ಆತ ‘ಬಂಡುಕೋರ’. ಅವನ ಹೆಂಡತಿ ಮಕ್ಕಳ ಮುಖ, ಅವನ ನಗು, ಅವನಿಗಿದ್ದ ಹೊಲದ ಚಿಂತೆ ಯಾವುದೂ ಆ ವರದಿಗಳಲ್ಲಿಲ್ಲ. ಟೇಲರ್‌ನ ಒಂಟಿತನ ನನಗೆ ಗೊತ್ತು, ಯಾಕಂದರೆ ಅವನು ಬರೆದ. ಭೀಮರಾಯನ ಒಂಟಿತನ, ಕೊಪ್ಪಳದ ಕೋಟೆಯಲ್ಲಿ ಆ ಕೊನೆಯ ರಾತ್ರಿ, ಯಾರೂ ಬರೆಯಲಿಲ್ಲ.

ಟೇಲರ್‌ನನ್ನು ಓದುವಾಗ ಈ ಎಚ್ಚರ ಬೇಕು. ಅವನ ಠಕ್ಕರ ಕಾದಂಬರಿ ಇಂಗ್ಲೆಂಡಿನ ಮಂದಿಗೆ ನಮ್ಮ ದೇಶವೆಂದರೆ ಕತ್ತು ಹಿಸುಕುವವರ ದೇಶ ಅನ್ನೋ ಚಿತ್ರ ಕೊಟ್ಟಿತು. ಅವನ ಕೆರೆಯಿಂದ ರೈತನ ಹೊಲಕ್ಕೆ ನೀರು ಹರಿಯಿತು, ಖಜಾನೆಗೆ ಕಂದಾಯವೂ ಹರಿಯಿತು. ಒಳ್ಳೆಯ ಅಧಿಕಾರಿಯೊಬ್ಬ ಕೆಟ್ಟ ವ್ಯವಸ್ಥೆಯನ್ನು ಇನ್ನಷ್ಟು ದಿನ ಬಾಳಿಸುತ್ತಾನೆ ಅನ್ನೋ ಮಾತು ಇಲ್ಲಿ ಸುಳ್ಳಲ್ಲ. ಆದರೆ ಬೋನಾಳದ ನೀರು ಕುಡಿದ ಎತ್ತು, ಅಲ್ಲಿ ಬೆಳೆದ ಜೋಳ, ಅದೂ ಸುಳ್ಳಲ್ಲ. ಇವೆರಡನ್ನು ತಕ್ಕಡಿಯಲ್ಲಿಟ್ಟು ಒಂದನ್ನು ಎತ್ತಿ ಬಿಸಾಡಬೇಕು ಅಂತ ನನಗನ್ನಿಸೋದಿಲ್ಲ. ಭೀಮರಾಯನ ಜೊತೆಗಾರ ಕೆಂಚನಗೌಡನ ಹಮ್ಮಿಗಿಯಲ್ಲೇ ಈಗ ತುಂಗಭದ್ರೆಗೆ ಅಡ್ಡಲಾಗಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ನಿಂತಿದೆ. ಬಂಡಾಯದ ಊರೇ ನೀರಿನ ಊರೂ ಆಗಬಹುದು. ನಮಗೆ ಎರಡೂ ಬೇಕು.

ಹೀಗೆ ಬರೆಯದೆ ಉಳಿದವರು ಬರೀ 1858ರವರಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲಿ ಹೋದರೂ ಹಳ್ಳಿಗೊಬ್ಬರಾದರೂ ‘ಮಿಲ್ಟ್ರಿಯವರು’ ಸಿಗ್ತಾರೆ. ನಮ್ಮ ಊರಲ್ಲೂ ಒಬ್ಬರಿದ್ದರು. ಎಲ್ಲರಿಗೂ ಮಿಲ್ಟ್ರಿ ಕಾಕಾ. ಸೇನೆಯಲ್ಲಿ ಗಾಡಿ, ಮಷೀನು ರಿಪೇರಿಯ ವಿಭಾಗದಲ್ಲಿದ್ದು ಪೆನ್ಷನ್ ಮೇಲೆ ಬಂದವರು. ಊರಿನ ಸುಟ್ಟ ಪಂಪ್‌ಸೆಟ್ಟುಗಳೆಲ್ಲ ಅವರ ಪಡಸಾಲೆಗೆ ಬರುತ್ತಿದ್ದವು. ತಾಮ್ರದ ತಂತಿ ಬಿಚ್ಚಿ, ಸುತ್ತು ಎಣಿಸಿ, ಹಳೆಯ ಡೈರಿಯಲ್ಲಿ ಬರೆದುಕೊಂಡು, ಆಮೇಲೆ ಹೊಸ ತಂತಿ ಸುತ್ತೋರು. ‘ಎಣಿಸದ ಕೈ ಹಚ್ಚಬ್ಯಾಡಪಾ ತಮ್ಮಾ, ಮೋಟರ್ ಸುಳ್ಳ ಹೇಳೂದಿಲ್ಲ’ ಅನ್ನೋರು. ಬಿ.ಇ. ನಾಲ್ಕು ವರ್ಷದಲ್ಲಿ ಕಲಿತದ್ದಕ್ಕಿಂತ ಆ ಒಂದು ಮಾತು ನನಗೆ ಕೋಡ್ ಬರೆಯುವಾಗ ಹೆಚ್ಚು ಸಲ ನೆನಪಾಗಿದೆ. ರಜೆಗೆ ಬಂದಾಗ ಮಾತ್ರ ಸಿಗುತ್ತಿದ್ದ ಅಪ್ಪ ಹೇಗಿದ್ದರು ಅಂತ ಅವರ ಮಕ್ಕಳನ್ನು ಯಾರೂ ಕೇಳಲಿಲ್ಲ. ಗಡಿಯಲ್ಲಿ ಅವರು ಏನು ಕಂಡರು ಅಂತ ಅವರನ್ನೂ ಕೇಳಲಿಲ್ಲ. ಅವರು ಹೋದ ಮೇಲೆ ಉಳಿದದ್ದು ಆ ಡೈರಿ. ಅದರ ತುಂಬ ಬರೀ ಸುತ್ತಿನ ಲೆಕ್ಕ.

*

ಇಂಗ್ಲೆಂಡಿಗೆ ಮರಳಿದ ಟೇಲರ್ ಬರೆಯುತ್ತಲೇ ಇದ್ದ. 1657, 1757, 1857 ಹೀಗೆ ನೂರು ನೂರು ವರ್ಷದ ಅಂತರದಲ್ಲಿ ನಡೆಯುವ ಮೂರು ಕಾದಂಬರಿಗಳು: ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’. ಭಾರತದ ಚರಿತ್ರೆಯ ಒಂದು ಪಠ್ಯ. ಚಾಂದ್ ಬೀಬಿಯ ಮೇಲೊಂದು ಕಾದಂಬರಿ. ಕೊನೆಗೆ ಕಣ್ಣು ಮಂಜಾಯಿತು. 1875ರಲ್ಲಿ ಆ ಕಣ್ಣಲ್ಲೇ ಮತ್ತೊಮ್ಮೆ ಹೈದರಾಬಾದಿಗೆ ಬಂದ. ಊರಿಗೆ ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂತೋನ್‌ನಲ್ಲಿ ತೀರಿಕೊಂಡ.

ಆತ್ಮಕಥೆಯ ಹಸ್ತಪ್ರತಿ ಉಳಿದಿತ್ತು. ಅದನ್ನು ತಿದ್ದಿ ಜೋಡಿಸಿ 1877ರಲ್ಲಿ ಅಚ್ಚಿಗೆ ಕೊಟ್ಟವಳು ಅವನ ಮಗಳು ಆಲಿಸ್. ಬಾಲ್ಯವಿಡೀ ಕಾಗದದಲ್ಲೇ ಕಂಡ ಅಪ್ಪನನ್ನು ಅವಳು ಮತ್ತೆ ಕಾಗದದ ಮೇಲೇ ಕೂಡಿಸಿದಳು. ಆ ಪುಸ್ತಕ ಬಂದದ್ದರಿಂದ ಟೇಲರ್ ಉಳಿದ. ಟೇಲರ್ ಒಬ್ಬನೇ ಅಲ್ಲ. ಸಿಕಂದರಾಬಾದಿನ ಸೆರೆಯಲ್ಲಿ ಹೆಸರು ಹೇಳಲು ಒಪ್ಪದ ಇಪ್ಪತ್ತು ದಾಟಿದ ಆ ರಾಜನ ಮಾತೂ ನನ್ನ ಕೈಗೆ ಬಂದದ್ದು ಆ ಪುಟಗಳಿಂದಲೇ. ಅದನ್ನು ಬರೆದಿಟ್ಟವನು ಎದುರು ದಂಡೆಯವನು. ಬರೆಯದೆ ಬಿಡಬಹುದಿತ್ತು, ಸರ್ಕಾರಕ್ಕೆ ಅದರಿಂದ ಹೆಚ್ಚಳವೇನೂ ಇರಲಿಲ್ಲ. ಬರೆದ. ಟೇಲರ್ ಸಾಹೇಬನ ಕೆರೆಗಿಂತಲೂ ನಾನು ಅವನಿಗೆ ಋಣಿಯಾಗಿರೋದು ಆ ಒಂದೆರಡು ಪುಟಗಳಿಗಾಗಿ.

ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಓಣಿಯ ಮಿಲ್ಟ್ರಿ ಕಾಕಾನ ಹತ್ತಿರ ಒಂದು ತಾಸು ಕೂತುಕೊಳ್ಳಿ. ಫೋನಿನಲ್ಲಿ ರೆಕಾರ್ಡರ್ ಇದ್ದೇ ಇದೆ. ಯುದ್ಧದ ಕಥೆಯನ್ನೇ ಕೇಳಬೇಕಂತಿಲ್ಲ. ರಜೆ ಮುಗಿಸಿ ಗದಗ ಸ್ಟೇಷನ್ನಿನಲ್ಲಿ ಟ್ರೇನು ಹತ್ತುವಾಗ ಮಕ್ಕಳು ಏನಂದರು ಅಂತ ಕೇಳಿ. ಅಲ್ಲಿಂದ ಮುಂದಕ್ಕೆ ಅವರೇ ಹೇಳ್ತಾರೆ.